ಕಾಲಿನ ಸುದ್ದಿ ಸಾಕು, ಹಾಡಿನ ಸುದ್ದಿ ಬರೆಯಿರಿ

ಮಾನ್ಯ ಸಂಪಾದಕರೆ,

ಕಳೆದ ಡಿಸೆಂಬರ್ 3ರ ನಿಮ್ಮ ಪತ್ರಿಕೆಯ ಒಂದು ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಂದು ವಿಶ್ವ ಅಂಗವಿಕಲರ ದಿನ. ಗಾಯಕರೊಬ್ಬರನ್ನು ಇಬ್ಬರು ಯುವಕರು ಕುರ್ಚಿ ಸಮೇತ ಎತ್ತಿ ವೇದಿಕೆಗೆ ತರುತ್ತಿರುವ ಚಿತ್ರ, ಅದರ ಕೆಳಗೆ ಅರ್ಧ ಪುಟದ ಲೇಖನ. ಅವರಿಗೆ ಯಾವ ವಯಸ್ಸಿನಲ್ಲಿ ಪೋಲಿಯೊ ಬಂತು, ತಾಯಿ ಎಷ್ಟು ದೇವರಿಗೆ ಹರಕೆ ಹೊತ್ತರು, ಈವರೆಗೆ ಎಷ್ಟು ಸನ್ಮಾನಗಳಾಗಿವೆ, ಎಲ್ಲ ಇತ್ತು. ಹಾಡುಗಳನ್ನು ತಾವೇ ಬರೆದು ರಾಗ ಹಾಕುತ್ತಾರೆ ಎಂದೂ ಇತ್ತು. ಆದರೆ ಒಂದೇ ಒಂದು ಹಾಡಿನ ಮೊದಲ ಸಾಲಾದರೂ ಇರಲಿಲ್ಲ. ಲೇಖನವನ್ನು ಮೂರು ಸಲ ಓದಿದೆ. ಅವರ ಕಾಲಿನ ವಿಚಾರ ಪೂರ್ತಿ ತಿಳಿಯಿತು, ಹಾಡಿನ ವಿಚಾರ ಏನೂ ತಿಳಿಯಲಿಲ್ಲ.

ನಾನು ತಿಪಟೂರಿನವನು. ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾಗಿದ್ದೇನೆ. ಹಾಡು ಬರೆಯುತ್ತೇನೆ, ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತೇನೆ. ಎರಡನೆಯ ವಯಸ್ಸಿನಲ್ಲಿ ಬಂದ ಜ್ವರ ಇಳಿಯುವಷ್ಟರಲ್ಲಿ ನನ್ನ ಬಲಗಾಲು ಸೋತಿತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ನನಗೊಂದು ಹೆಸರಿತ್ತು, ಮೈದಾನದಲ್ಲಿ ಇರಲಿಲ್ಲ. ಮೈದಾನದಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಕೂತಿರುವ ಒಂದು ಸಂಜೆಯನ್ನು ಮೊದಲು ಹೇಳುತ್ತೇನೆ. ಸುಗಮ ಸಂಗೀತದ ವೇದಿಕೆಯಲ್ಲಿ ಹಾಡುವವರು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ರೂಢಿ. ಕ್ಯಾಲಿಪರ್ ತೊಟ್ಟವನಿಗೆ ಅದು ಆಗದು. ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಸರಳು, ನಡುನಡುವೆ ಚರ್ಮದ ಪಟ್ಟಿ. ಮಂಡಿಯ ಎರಡೂ ಬದಿಗೆ ಒಂದೊಂದು ಬಳೆ. ನಿಂತಾಗ ಆ ಬಳೆ ಜಾರಿ ಕೀಲಿನ ಮೇಲೆ ಕೂತು ಕಾಲನ್ನು ನೆಟ್ಟಗೆ ಹಿಡಿಯುತ್ತದೆ. ಕೂರಬೇಕಾದಾಗ ಅದನ್ನು ಬೆರಳಿನಿಂದ ಮೇಲಕ್ಕೆಳೆದರೆ ಮಂಡಿ ಮಡಚುತ್ತದೆ, ಅದೂ ಕುರ್ಚಿಯ ಮೇಲೆ ಕೂರುವಷ್ಟು ಮಾತ್ರ. ನೆಲಕ್ಕೆ ಕೂತರೆ ಕಾಲನ್ನು ಮುಂದಕ್ಕೆ ಚಾಚಲೇಬೇಕು. ಎದುರಿಗೆ ಸಭಿಕರು, ಪಕ್ಕದಲ್ಲಿ ದೀಪ ಹಚ್ಚಿಟ್ಟ ಸರಸ್ವತಿಯ ಪಟ. ಅತ್ತ ಚಾಚಬಾರದು, ಇತ್ತಲೂ ಚಾಚಬಾರದು.

ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾನು ಕುರ್ಚಿ ಕೇಳಿದ್ದೆ, ಕೊಡಲಿಲ್ಲ. ಉಳಿದವರೆಲ್ಲ ಕೆಳಗೆ ಕೂತಿರುವಾಗ ನೋಡಲು ಚೆನ್ನಾಗಿರುವುದಿಲ್ಲ ಎಂದರು. ನಾನು ಪಲ್ಲವಿ ಎತ್ತಿಕೊಂಡು ಮೊದಲ ಚರಣ ಮುಗಿಸಿದ್ದೆ. ಸಂಘಟಕರೊಬ್ಬರು ಬಗ್ಗಿಕೊಂಡು ಬಂದು, ಆಮೇಲೆ ನನಗೇ ಹೊದಿಸಬೇಕಿದ್ದ ಶಾಲನ್ನು ಬಿಚ್ಚಿ ನನ್ನ ಕಾಲಿನ ಮೇಲೆ ಹಾಕಿ ಮುಚ್ಚಿದರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದು ನನಗೆ ಗೊತ್ತು. ಆದರೆ ಎರಡನೆಯ ಚರಣ ನನ್ನ ಬಾಯಿಗೆ ಬರಲಿಲ್ಲ. ಮೊದಲ ಚರಣವನ್ನೇ ಮತ್ತೆ ಹಾಡಿ ಹೇಗೋ ಮುಗಿಸಿದೆ. ತಬಲಾದವರು ನನ್ನ ಮುಖ ನೋಡಿದರು. ಆಗ ನಿರೂಪಕರು ದೇಹ ಸೋತರೂ ಕಂಠ ಸೋಲದ ಚೇತನ ಎಂದೇನೋ ಹೇಳಿದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಡಿಸಿದ ಹಾಡಿಗೆ, ನನ್ನ ಜೀವಮಾನದ ಅತಿ ದೊಡ್ಡ ಚಪ್ಪಾಳೆ. ಹಾಡನ್ನು ಅಂದು ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ತಂಗಿಯ ಮಗನಿಗೊಬ್ಬನಿಗೆ ಹೇಳಿದ್ದೆ. ಅವನು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ರಿಚ್ಮಂಡ್ ಪಾರ್ಕ್ ಎಂಬ ದೊಡ್ಡ ಉದ್ಯಾನದಿಂದ ಒಂದು ಮರದ ಬೆಂಚಿನ ಚಿತ್ರ ಕಳಿಸಿದ. ಒರಗುವ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರ ಕೆತ್ತಿದೆ. ಸಂತೋಷಪಡಲು ಕಾರಣಗಳು ಎಂದು ಅದರ ಅರ್ಥ, ಅದು ಒಂದು ಹಾಡಿನ ಹೆಸರೂ ಹೌದು. ‘ಮಾವ, ಈ ಬೆಂಚು ಇಯಾನ್ ಡ್ಯೂರಿ ಎಂಬ ಗಾಯಕರ ನೆನಪಿಗೆ ಹಾಕಿದ್ದು. ಅವರೂ ನಿಮ್ಮ ಹಾಗೆ ಪೋಲಿಯೊ ಆದವರು, ಕ್ಯಾಲಿಪರ್ ಹಾಕಿಕೊಂಡೇ ಹಾಡಿದವರು. ಹಾಡು ಬರೆದವರೂ ಅವರೇ. ಕೇಳಿ ನೋಡಿ’ ಎಂದು ಬರೆದಿದ್ದ. 2002ರಲ್ಲಿ ಆ ಬೆಂಚನ್ನು ಇಟ್ಟಾಗ ಅದಕ್ಕೆ ಸೌರಶಕ್ತಿಯ ವ್ಯವಸ್ಥೆ ಇತ್ತಂತೆ. ಕೂತವರು ತಮ್ಮ ಇಯರ್‌ಫೋನನ್ನು ಬೆಂಚಿಗೇ ಸಿಕ್ಕಿಸಿ ಅವರ ಹಾಡು ಕೇಳಬಹುದಿತ್ತು. ಶಿಲಾಫಲಕದ ಬದಲು ಹಾಡನ್ನೇ ಕೇಳಿಸುವ ಸ್ಮಾರಕ. ಆ ಒಂದು ವಿಷಯಕ್ಕೇ ನಾನು ಅವರ ಹಾಡು ಹುಡುಕಿದೆ. ಅಲ್ಲಿಂದ ಸುಮಾರು ಎರಡು ವರ್ಷ ಅದನ್ನೇ ಕೇಳಿದ್ದೇನೆ.

ಡ್ಯೂರಿ ಹುಟ್ಟಿದ್ದು 1942ರ ಮೇ 12ರಂದು. ತಂದೆ ಲಂಡನ್ನಿನಲ್ಲಿ ಬಸ್ ಓಡಿಸುತ್ತಿದ್ದರು, ಆಮೇಲೆ ಸಿರಿವಂತರ ಕಾರಿಗೆ ಚಾಲಕರಾದರು. 1949ರಲ್ಲಿ, ಏಳನೆಯ ವಯಸ್ಸಿನಲ್ಲಿ, ಪೋಲಿಯೊ ತಗಲಿತು. ಸೌತೆಂಡ್ ಎಂಬ ಊರಿನ ಈಜುಕೊಳದ ನೀರಿನಿಂದ ಬಂತೆಂದು ಅವರು ನಂಬಿದ್ದರು. ಎಡಗಾಲು, ಎಡಗೈ ಎರಡೂ ಬಡಕಲಾದವು. ಆರು ವಾರ ಮೈತುಂಬ ಪ್ಲಾಸ್ಟರ್, ಅದಾದ ಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಒಂದೂವರೆ ವರ್ಷ. ಪೋಲಿಯೊ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಅವರಿಗೆ ಆರು ವರ್ಷ ತಡವಾಯಿತು. ನಾನು ಹುಟ್ಟುವ ಹೊತ್ತಿಗೆ ಜಗತ್ತಿನಲ್ಲಿ ಲಸಿಕೆ ಇತ್ತು, ನಮ್ಮ ಹಳ್ಳಿಗೆ ಬಂದಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ದುಃಖದ್ದು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಅಂಗವಿಕಲ ಮಕ್ಕಳಿಗೆಂದೇ ಇದ್ದ ಚೈಲಿ ಎಂಬ ಶಾಲೆಗೆ ಅವರನ್ನು ಹಾಕಿದರು. ಓದಿಗಿಂತ ಕೈಕಸುಬಿಗೆ ಅಲ್ಲಿ ಒತ್ತು, ಶಿಸ್ತು ಬಹಳ ಕಠಿಣ. ಚಿತ್ರಕಲೆ ಅವರ ಕೈ ಹಿಡಿಯಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಹೆಸರಾಂತ ಕಲಾವಿದ ಪೀಟರ್ ಬ್ಲೇಕ್ ಡ್ಯೂರಿಗೆ ಗುರುವಾಗಿದ್ದರು. ಮುಂದೆ ಕ್ಯಾಂಟರ್ಬರಿಯ ಕಲಾಶಾಲೆಯಲ್ಲಿ ಪಾಠ ಹೇಳುತ್ತಲೇ ‘ಕಿಲ್ಬರ್ನ್ ಅಂಡ್ ದಿ ಹೈ ರೋಡ್ಸ್’ ಎಂಬ ವಾದ್ಯತಂಡ ಕಟ್ಟಿಕೊಂಡರು. ಆ ತಂಡದ ಡ್ರಮ್ ವಾದಕರು ಊರುಗೋಲು ಹಿಡಿದು ನಡೆಯುವವರು. ಅವರನ್ನು ಸೇರಿಸಿಕೊಂಡದ್ದು ಡ್ರಮ್ ನುಡಿಸುವುದಕ್ಕೆ. ತಂಡ ಹೆಚ್ಚು ಕಾಲ ಬಾಳಲಿಲ್ಲ. ಡ್ಯೂರಿಗೆ ದೊಡ್ಡ ಹೆಸರು ಬಂದದ್ದು 1977ರ ಸೆಪ್ಟೆಂಬರಿನಲ್ಲಿ, ‘ನ್ಯೂ ಬೂಟ್ಸ್ ಅಂಡ್ ಪ್ಯಾಂಟೀಸ್’ ಎಂಬ ಧ್ವನಿಮುದ್ರಿಕೆಯಿಂದ. ಆಗ ಅವರಿಗೆ 35 ವರ್ಷ. ಇಪ್ಪತ್ತಕ್ಕೇ ಮಿಂಚಬೇಕಾದ ಆ ಸಂಗೀತದ ಲೋಕದಲ್ಲಿ ಅದು ದೊಡ್ಡ ವಯಸ್ಸು. ಆ ಹೆಸರಿಗೂ ಒಂದು ಕಥೆ ಇದೆ. ಡ್ಯೂರಿ ಬಟ್ಟೆಯನ್ನೆಲ್ಲ ಹಳೆಯ ಬಟ್ಟೆಯ ಅಂಗಡಿಯಲ್ಲೇ ಕೊಳ್ಳುತ್ತಿದ್ದರು. ಬೂಟು ಮತ್ತು ಒಳಉಡುಪು ಮಾತ್ರ ಹೊಸದಾಗಿರಬೇಕಿತ್ತು, ಮುದ್ರಿಕೆಗೆ ಅದನ್ನೇ ಹೆಸರಿಟ್ಟರು. ಬೂಟಿನ ಬೆಲೆ ನನ್ನಂಥವರಿಗೆ ಗೊತ್ತು. ಅಂಗಡಿಯ ಬೂಟು ನಮಗೆ ಆಗುವುದಿಲ್ಲ, ಅಟ್ಟೆ ಎತ್ತರಿಸಿ ಸರಳು ಸಿಕ್ಕಿಸಲು ತೂತು ಕೊರೆಸಬೇಕು.

ಆ ಮುದ್ರಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಂದೆಯ ಮೇಲಿನ ಹಾಡು. ತಂದೆ ಮತ್ತು ತಾಯಿ ಬೇರೆಯಾಗಿದ್ದರು, ತಂದೆ 1968ರಲ್ಲಿ ತೀರಿಕೊಂಡರು. ಹಾಡಿನಲ್ಲಿ ಅಳು ಇಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದರು, ಹೇಗೆ ಬಟ್ಟೆ ಹಾಕಿಕೊಳ್ಳುತ್ತಿದ್ದರು ಎಂದು ನೆರೆಮನೆಯವರಿಗೆ ಹೇಳುವಂತೆ ಹೇಳಿಕೊಂಡು ಹೋಗುತ್ತಾರೆ. ಕೊನೆಗೆ ಸಾವನ್ನು ಅಷ್ಟೇ ಸಣ್ಣ ದನಿಯಲ್ಲಿ ಹೇಳಿ ನಿಲ್ಲಿಸುತ್ತಾರೆ. ತನ್ನ ಕಾಲಿನ ಮಾತೇ ಅದರಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ಅಪ್ಪನ ಹಾಡು. ನಾನು ನನ್ನ ತಂದೆಯ ಮೇಲೆ ಹಾಡು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಅವರು ನನ್ನನ್ನು ಹೊತ್ತು ಆಸ್ಪತ್ರೆಗೆ ನಡೆದದ್ದೇ ಮೊದಲು ಬಂದು, ಹಾಡು ನನ್ನ ಮೇಲಿನದಾಗಿಬಿಡುತ್ತಿತ್ತು. ಡ್ಯೂರಿಯನ್ನು ಕೇಳಿದ ಮೇಲೆ ಅದನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಈಗ ಅದರಲ್ಲಿ ನಮ್ಮಪ್ಪ ಕೊಬ್ಬರಿ ಒಡೆಯುತ್ತಾರೆ, ಹರಾಜಿನ ದಿನ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ, ಸಂಜೆ ಸುಮ್ಮನೆ ಕೂರುತ್ತಾರೆ.

ಡ್ಯೂರಿಯ ಭಾಷೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ರಾಕ್ ಗಾಯಕರಲ್ಲಿ ಬಹಳ ಮಂದಿ ಹಾಡುವಾಗ ಅಮೆರಿಕದ ಉಚ್ಚಾರಣೆ ತರುತ್ತಿದ್ದರು. ಡ್ಯೂರಿ ತಾನು ಬೆಳೆದ ಎಸೆಕ್ಸ್ ಕಡೆಯ, ಲಂಡನ್ನಿನ ಬೀದಿಯ ಮಾತಿನಲ್ಲೇ ಹಾಡಿದರು. ಮೊದಲು ಪದಗಳನ್ನು ಬರೆದು, ರಾಗಕ್ಕೆ ಚಾಜ್ ಜಾಂಕೆಲ್ ಎಂಬ ಸಂಗೀತಗಾರರ ಕೈಗೆ ಕೊಡುತ್ತಿದ್ದರು. ನನಗೆ ಅರ್ಧ ಮಾತು ಅರ್ಥವಾಗಲಿಲ್ಲ, ತಂಗಿಯ ಮಗ ಸಾಲು ಸಾಲಾಗಿ ಬರೆದು ಕಳಿಸಿದ. 1979ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಅವರ ‘ಹಿಟ್ ಮಿ ವಿತ್ ಯುವರ್ ರಿದಮ್ ಸ್ಟಿಕ್’ ಹಾಡನ್ನು ನಮ್ಮ ತಬಲಾದವರಿಗೆ ಕೇಳಿಸಿದೆ. ಪದ ತಿಳಿಯದಿದ್ದರೂ ಅವರ ಬೆರಳು ಮೊಣಕಾಲಿನ ಮೇಲೆ ಆಡತೊಡಗಿತು. ಬೇಸ್ ಗಿಟಾರು ಲಯದ ಒಂದೊಂದು ಸುತ್ತಿನಲ್ಲೂ ಹದಿನಾರು ಸ್ವರಗಳನ್ನು ಬಿಡುವಿಲ್ಲದೆ ಉರುಳಿಸುತ್ತದೆ. ಅದನ್ನು ನುಡಿಸಿದ ನಾರ್ಮನ್ ವಾಟ್-ರಾಯ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1951ರಲ್ಲಿ. ಇದನ್ನು ಹೇಳಿದಾಗ ತಬಲಾದವರು ಹಾಡನ್ನು ಇನ್ನೊಮ್ಮೆ ಹಾಕಿಸಿಕೊಂಡರು. ನೋಡಿ, ಇದುವರೆಗೆ ಎಷ್ಟು ಸಂಗತಿ ಹೇಳಿದೆ. ಲಯ, ಉಚ್ಚಾರಣೆ, ತಂದೆ, ಬಸ್ಸು. ಒಬ್ಬ ಹಾಡುಗಾರನ ಬಗ್ಗೆ ಬರೆಯಲು ಇಷ್ಟೆಲ್ಲ ಇರುತ್ತದೆ.

ಹಾಗೆಂದು ಡ್ಯೂರಿ ತನ್ನ ಅಂಗವೈಕಲ್ಯವನ್ನು ಬಚ್ಚಿಟ್ಟವರಲ್ಲ. 1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿತ್ತು. ಅವರಿಗೆ ಅದು ಹಿಡಿಸಲಿಲ್ಲ. ವರ್ಷ ಮುಗಿದ ಮೇಲೆ, 1982ರಲ್ಲಿ, ನಾವೆಲ್ಲ ಗುಣವಾಗಿಬಿಡುತ್ತೇವೆಯೇ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ‘ಸ್ಪಾಸ್ಟಿಕಸ್ ಆಟಿಸ್ಟಿಕಸ್’ ಎಂಬ ಹಾಡು ಬರೆದರು. ರೋಮ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದ ಗುಲಾಮ ಸ್ಪಾರ್ಟಕಸ್‌ನ ಕಥೆ ಸಿನಿಮಾ ಆಗಿದೆ. ಅದರಲ್ಲಿ ಸ್ಪಾರ್ಟಕಸ್ ಯಾರು ಎಂದು ಸೈನಿಕರು ಕೇಳಿದಾಗ ಗುಲಾಮರು ಒಬ್ಬೊಬ್ಬರಾಗಿ ಎದ್ದು ನಾನೇ, ನಾನೇ ಎನ್ನುತ್ತಾರೆ. ಮೈಯ ಸ್ನಾಯು ಬಿಗಿದುಕೊಳ್ಳುವ ಅಂಗವೈಕಲ್ಯಕ್ಕೆ ಇದ್ದ ‘ಸ್ಪಾಸ್ಟಿಕ್’ ಎಂಬ ಪದ ಬ್ರಿಟನ್ನಿನ ಶಾಲೆಯಂಗಳದಲ್ಲಿ ಬೈಗುಳವಾಗಿತ್ತು. ಆ ಬೈಗುಳಕ್ಕೆ ಗುಲಾಮನಾಯಕನ ಹೆಸರನ್ನು ಬೆಸೆದು, ಹೌದು, ಅದು ನಾನೇ ಎಂದು ಡ್ಯೂರಿ ಕೂಗಿದರು. ಬಿಬಿಸಿ ಹಾಡನ್ನು ದೂರವಿಟ್ಟಿತು. ಹಾಡಿನ ಪದಗಳು ಜನರಿಗೆ ನೋವುಂಟುಮಾಡುತ್ತವೆ ಎಂಬುದು ಕಾರಣ. ಆ ಪದ ಬಿದ್ದದ್ದು ಯಾರ ಮೈಮೇಲೋ ಅವರೇ ಅದನ್ನು ಹಾಡಿದ್ದರು. ನೋವು ಯಾರದು ಎಂದು ಯಾರೂ ಕೇಳಲಿಲ್ಲ. ಮೂವತ್ತೊಂದು ವರ್ಷದ ಬಳಿಕ, 2012ರ ಆಗಸ್ಟ್ 29ರಂದು ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ, ಅಂಗವಿಕಲ ಕಲಾವಿದರೇ ಅದನ್ನು ತುಂಬಿದ ಕ್ರೀಡಾಂಗಣದ ನಡುವೆ ಹಾಡಿದರು. ಅದನ್ನು ನೋಡಲು ಡ್ಯೂರಿ ಇರಲಿಲ್ಲ. ನಾನು ಮೊಬೈಲಿನಲ್ಲಿ ನೋಡಿದೆ. ನೋಡುವಾಗ ಮನೆಯಲ್ಲಿ ಯಾರೂ ಇರದಿದ್ದುದು ಒಳ್ಳೆಯದಾಯಿತು, ತುಂಬ ಅತ್ತೆ.

ಇದನ್ನು ಬರೆಯುವಾಗ ನಮ್ಮ ಗದಗ ನೆನಪಾಗುತ್ತದೆ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಆದರೆ ಈ ನಾಡು ಅವರನ್ನು ಕರೆದದ್ದು ಗವಾಯಿಗಳು ಎಂದು. ಆ ಹೆಸರು ಅವರ ವಿದ್ಯೆಯದು. ಅಲ್ಲಿ ಕಲಿತ ಎಷ್ಟೋ ಅಂಧ ಮಕ್ಕಳು ಹಳ್ಳಿ ಹಳ್ಳಿಗೂ ಸಂಗೀತದ ಮೇಷ್ಟರಾಗಿ ಹೋದರು. ನನಗೆ ಹಾರ್ಮೋನಿಯಂ ಕಲಿಸಿದವರೂ ಅಲ್ಲಿಂದ ಬಂದವರೇ. ನಾನು ಬೆರಳು ತಪ್ಪಿಟ್ಟರೆ ಅವರು ನನ್ನ ಬೆರಳಿಗೆ ತಟ್ಟುತ್ತಿದ್ದರು. ನನ್ನ ಕಾಲು ಹೀಗಿದೆ ಎಂದು ಅವರಿಗೆ ತಿಳಿದದ್ದು ಕ್ಯಾಲಿಪರಿನ ಸದ್ದಿನಿಂದ. ಒಮ್ಮೆ ಆ ಕಬ್ಬಿಣಕ್ಕೆ ಎಣ್ಣೆ ಹಾಕು, ಶ್ರುತಿಗೆ ಅಡ್ಡ ಬರುತ್ತದೆ ಎಂದರು. ನನ್ನ ಕಾಲಿನ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ಅದಕ್ಕಿಂತ ದೊಡ್ಡ ಗೌರವ ನನಗೆ ಆಮೇಲೆ ಸಿಕ್ಕಿಲ್ಲ.

ಡ್ಯೂರಿಗೆ 1996ರಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಆದರೂ 1998ರಲ್ಲಿ ಹೊಸ ಧ್ವನಿಮುದ್ರಿಕೆ ತಂದರು. ಯುನಿಸೆಫ್ ಪರವಾಗಿ ಪೋಲಿಯೊ ಲಸಿಕೆಯ ಕೆಲಸಕ್ಕೆಂದು ಜಾಂಬಿಯಾ ಮತ್ತು ಶ್ರೀಲಂಕಾಕ್ಕೆ ಹೋದರು. ಆ ವರ್ಷಗಳಲ್ಲಿ ನಮ್ಮಲ್ಲೂ ಪಲ್ಸ್ ಪೋಲಿಯೊ ಜೋರಾಗಿ ನಡೆದಿತ್ತು. ಬಸ್ ನಿಲ್ದಾಣದ ಬೂತಿನಲ್ಲಿ ನನಗೂ ಕೆಲಸ ಬೀಳುತ್ತಿತ್ತು. ಎರಡು ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಒಬ್ಬ ತಾಯಿ, ಹೋದ ತಿಂಗಳು ತಾನೇ ಹಾಕಿಸಿದ್ದೇವೆ, ಮತ್ತೆ ಯಾಕೆ ಎಂದು ಜಗಳ ತೆಗೆದಿದ್ದರು. ನಾನು ಇನ್ನೊಂದು ಪೆನ್ನು ತೆಗೆದುಕೊಳ್ಳಲು ಎದ್ದೆ. ಕ್ಯಾಲಿಪರಿನ ಬಳೆ ಟಕ್ ಎಂದು ಕೂತಿತು. ಅವರು ಕೆಳಗೆ ನೋಡಿದರು, ಮಾತು ನಿಲ್ಲಿಸಿ ಮಗುವಿನ ಬಾಯಿ ತೆರೆಸಿದರು. ನನ್ನ ಕಾಲನ್ನು ಜನ ನೋಡಬೇಕೆಂದು ನಾನು ಬಯಸಿದ ಜಾಗ ಅದೊಂದೇ. ಅಲ್ಲಿ ನೋಡುವುದರಿಂದ ಒಂದು ಮಗುವಿಗೆ ಉಪಯೋಗವಿತ್ತು. ಡ್ಯೂರಿ ಆ ದೇಶಗಳಿಗೆ ಹೋದದ್ದೂ ಇದಕ್ಕಾಗಿಯೇ ಎಂದು ನನ್ನ ನಂಬಿಕೆ.

2000ದ ಫೆಬ್ರುವರಿಯಲ್ಲಿ ಲಂಡನ್ ಪಲೇಡಿಯಂ ರಂಗಮಂದಿರದಲ್ಲಿ ಕೊನೆಯ ಸಲ ಹಾಡಿದರು. ಮಾರ್ಚ್ 27ರಂದು ತೀರಿಕೊಂಡರು, 57 ವರ್ಷ. ಹದಿನಾಲ್ಕು ವರ್ಷದ ನಂತರ ಅದೇ ಮಾರ್ಚ್ 27ರಂದು, 2014ರಲ್ಲಿ, ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊ ಮುಕ್ತ ಎಂದು ಘೋಷಿಸಿತು. ಈ ಎರಡು ತಾರೀಖು ಒಂದೇ ಆಗಿರುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡಿದ್ದೇನೆ.

ಸಂಪಾದಕರೆ, ನನ್ನ ಕೋರಿಕೆ ಇಷ್ಟು. ಮುಂದಿನ ಡಿಸೆಂಬರಿನಲ್ಲಿ ಒಬ್ಬ ಅಂಗವಿಕಲ ಗಾಯಕರ ಬಗ್ಗೆ ಬರೆಸುವಾಗ, ಸಂಗೀತ ಬಲ್ಲ ವರದಿಗಾರರನ್ನು ಕಳಿಸಿ. ಅವರ ಹಾಡನ್ನು ಕೂತು ಕೇಳಲಿ. ಯಾವ ರಾಗ, ಪದ ಹೇಗಿದೆ, ಎಲ್ಲಿ ಚೆನ್ನಾಯಿತು, ಎಲ್ಲಿ ಕೆಟ್ಟಿತು ಎಂದು ಬರೆಯಲಿ. ಕೆಟ್ಟದ್ದನ್ನು ಬರೆದರೆ ನಮಗೆ ಬೇಸರವಾಗುತ್ತದೆ ಎಂದು ಅಂಜಬೇಡಿ. ಬರೆಯದೆ ಬಿಟ್ಟರೆ ಆಗುವ ಬೇಸರ ಅದಕ್ಕಿಂತ ದೊಡ್ಡದು. ಎತ್ತಿಕೊಂಡು ಹೋಗುವ ಚಿತ್ರ ಹಾಕುವುದಾದರೆ, ಆ ವೇದಿಕೆಗೆ ಇಳಿಜಾರು ದಾರಿ ಯಾಕಿಲ್ಲ ಎಂದು ಅದೇ ಚಿತ್ರದ ಕೆಳಗೆ ಕೇಳಿ. ಸಾರ್ವಜನಿಕ ಕಟ್ಟಡಗಳು ಎಲ್ಲರೂ ಹತ್ತಿ ಇಳಿಯುವಂತೆ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ನಮ್ಮ ಕಡೆ ನಾನು ಹಾಡಿರುವ ಒಂದು ಸಭಾಂಗಣದಲ್ಲಿ ವೇದಿಕೆಗೆ ಏಳು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಹಾಡುವ ಮುಂಚೆಯೇ ಉಸಿರು ಅರ್ಧ ಅಲ್ಲೇ ಖರ್ಚಾಗುತ್ತದೆ. ಇದನ್ನು ಬರೆದರೆ ನಮ್ಮ ಸಂಗೀತದ ಬಗ್ಗೆಯೇ ಬರೆದಂತೆ.

ಬರುವ ಯುಗಾದಿಯ ಸಂಜೆ ನಮ್ಮ ಬಡಾವಣೆಯ ಗಣಪತಿ ದೇವಸ್ಥಾನದ ಅಂಗಳದಲ್ಲಿ ನನ್ನ ಕಾರ್ಯಕ್ರಮವಿದೆ. ಈ ಸಲ ಕುರ್ಚಿಗೆ ಒಪ್ಪಿದ್ದಾರೆ, ಹಾರ್ಮೋನಿಯಂ ಇಡಲು ಒಂದು ಎತ್ತರದ ಮೇಜನ್ನೂ ಬಡಗಿಯಿಂದ ಮಾಡಿಸಿದ್ದೇನೆ. ನಮ್ಮಪ್ಪನ ಹಾಡನ್ನು ಮೊದಲ ಬಾರಿಗೆ ಹಾಡುತ್ತೇನೆ. ಮೋಹನ ರಾಗ, ಮೂರು ಚರಣ. ಎರಡನೆಯ ಚರಣದ ಕೊನೆಯ ಸಾಲಿನಲ್ಲಿ ಎತ್ತುಗಡೆ ಇನ್ನೂ ಸರಿಯಾಗಿ ಕೂತಿಲ್ಲ, ದಿನವೂ ತಿದ್ದುತ್ತಿದ್ದೇನೆ. ನಿಮ್ಮ ವರದಿಗಾರರು ಬಂದರೆ ಆ ಸಾಲಿಗೆ ಕಿವಿಗೊಡಲು ಹೇಳಿ.

ಇತಿ,
ನಿಮ್ಮ ಬಹುಕಾಲದ ಓದುಗ,
ತಿಪಟೂರು